ಕೂಲಿಕಾರರ ಕಾಲಿಗೆ ಬೆಲೆಯಿಲ್ಲವೇ?

ಸಿಂಧನೂರಿನ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವ ಹೆಣ್ಣುಮಗಳ ತೊಡೆಯಲ್ಲಿ ಒಂದು ಗಂಟು ಎದ್ದಿತೆನ್ನಿ. ನೋವಿಲ್ಲ. ನೋವಿಲ್ಲದ ಗಂಟಿಗಾಗಿ ದಿನದ ಕೂಲಿ ಬಿಟ್ಟು ದವಾಖಾನೆಗೆ ಹೋಗುವವರು ಯಾರು? ನಿಂಬೆಯಷ್ಟಿದ್ದುದು ತೆಂಗಿನಕಾಯಿಯಷ್ಟಾದಾಗ ಯಾರೋ ಒಬ್ಬರು ಕೊಬ್ಬಿನ ಗಂಟೆಂದು ಕೊಯ್ದು, ತೆಗೆದ ಮಾಂಸವನ್ನು ಪರೀಕ್ಷೆಗೂ ಕಳುಹಿಸದೆ ಎಸೆದು, ಹೊಲಿಗೆ ಹಾಕುತ್ತಾರೆ. ಕೆಲವು ತಿಂಗಳಲ್ಲಿ ಗಂಟು ಅಲ್ಲಿಯೇ ಮತ್ತೆ ಏಳುತ್ತದೆ.

ಎಲ್ಲ ಗಂಟೂ ಕೇಡಿನದಲ್ಲ, ಬಹುಪಾಲು ನಿರುಪದ್ರವಿ. ಆದರೆ ಮಾಂಸ, ಕೊಬ್ಬು, ನರಗಳಲ್ಲಿ ಹುಟ್ಟುವ ಸಾರ್ಕೋಮಾ ಎಂಬ ಕ್ಯಾನ್ಸರು ಒಂದುಂಟು. ವಯಸ್ಕರ ಕ್ಯಾನ್ಸರುಗಳಲ್ಲಿ ಇದು ನೂರಕ್ಕೆ ಒಂದರಷ್ಟು. 5 ಸೆಂ.ಮೀ. ಮೀರಿದ, ಬೆಳೆಯುತ್ತಿರುವ, ಆಳದಲ್ಲಿರುವ ಗಂಟನ್ನು ಮೊದಲು ಎಂ.ಆರ್.ಐ.ಯಲ್ಲಿ ನೋಡಬೇಕು, ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಬೇಕು, ಕತ್ತಿ ಆಮೇಲೆ. ಈ ಕ್ರಮ ತಪ್ಪಿದರೆ ರೋಗ ಗಾಯದಲ್ಲಿ ಉಳಿಯುತ್ತದೆ, ಎರಡನೆಯ ಶಸ್ತ್ರಕ್ರಿಯೆ ಇನ್ನೂ ದೊಡ್ಡದಾಗುತ್ತದೆ. ತಡವಾದಷ್ಟೂ ಅದು ಶ್ವಾಸಕೋಶಕ್ಕೆ ಹರಡುವ ಭಯ.

ಕಾಲು ಕಡಿಯುವುದೊಂದೇ ಗತಿಯೇ? ಅಲ್ಲ. 1982ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 43 ರೋಗಿಗಳ ಪೈಕಿ 16 ಜನರ ಅಂಗ ಕಡಿದರು. 27 ಜನರ ಅಂಗ ಉಳಿಸಿ ವಿಕಿರಣ ಕೊಟ್ಟರು. ಬದುಕಿ ಉಳಿದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈ ಜ್ಞಾನಕ್ಕೆ ನಾಲ್ಕು ದಶಕ ಮೀರಿತು. ಅದರ ಫಲ ದುಡಿಯುವವರ ಮನೆ ಬಾಗಿಲಿಗೆ ಬರುವುದೆಂದು?

"ಅಪರೂಪದ ರೋಗ, ಊರೂರಿಗೆ ತಜ್ಞರನ್ನಿಡಲಾದೀತೇ?" ಎಂದು ಅಧಿಕಾರಸ್ಥರು ಕೇಳಬಹುದು. ಊರೂರಿಗೆ ತಜ್ಞರನ್ನು ಕೇಳಿದವರು ಯಾರು? ರೋಗ ಅಪರೂಪವಾದುದರಿಂದಲೇ ಸರಿಯಾದ ದಾರಿ ಬೇಕೆನ್ನುತ್ತೇವೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಬೆಂಗಳೂರಿನಲ್ಲಿದೆ, ಇಲ್ಲಿಂದ ಸುಮಾರು 400 ಕಿ.ಮೀ. ವಿಕಿರಣಕ್ಕೆ ಐದಾರು ವಾರ ಬೇಕು. ಆಯುಷ್ಮಾನ್ ಕಾರ್ಡು ಚಿಕಿತ್ಸೆಯ ಬಿಲ್ಲು ಕಟ್ಟೀತು. ಐದಾರು ವಾರದ ಕೂಲಿಯನ್ನು ಕಟ್ಟುವವರಾರು?

ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನ ಹೊರಗೆ ಹೋಯಿತು. ತುಂಗಭದ್ರೆಯ ಎಡದಂಡೆ ಕಾಲುವೆಯ ಅಕ್ಕಿ ಹೊರಗೆ ಹೋಯಿತು. ಅದನ್ನು ಬೆಳೆದವರ ಕೈಕಾಲಿಗೆ ತಿರುಗಿ ಬಂದದ್ದೇನು? ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿದೆಯೆಂದು ಭಾಷಣಗಳಲ್ಲಿ ಹೆಮ್ಮೆಪಡುವ ಮಹನೀಯರೇ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ ಏರ್ಪಡಿಸಿದೆನೆಂದು ಅದೇ ಅರಸ ಬೇರೆ ಬಂಡೆಗಳ ಮೇಲೆ ಬರೆಸಿದ್ದನ್ನೂ ಓದಿರಿ!

ನಮ್ಮ ಬೇಡಿಕೆ ಮೂರು. ಮೂರೂ ತಾಲೂಕುಗಳ ಯಾವ ದವಾಖಾನೆಯಲ್ಲೂ ದೊಡ್ಡ ಗಂಟನ್ನು ಪರೀಕ್ಷೆಯಿಲ್ಲದೆ ಕೊಯ್ಯಕೂಡದು. ತೆಗೆದ ಚೂರು ರಾಯಚೂರಿಗೆ ಹೋಗಲಿ, ವರದಿ ಬರಲಿ. ರೋಗಿ ಅದಕ್ಕಾಗಿ ಅಲೆಯಕೂಡದು. ಚಿಕಿತ್ಸೆಗೆ ದೂರ ಹೋಗಬೇಕಾದವರಿಗೆ ಬಸ್ಸಿನ ಖರ್ಚು, ವಸತಿ ಮತ್ತು ಕೂಲಿಯ ನಷ್ಟವನ್ನು ಸರಕಾರ ಭರಿಸಬೇಕು.

ಬಂಧುಗಳೇ, ಬೆಳೆಯುವ ಗಂಟನ್ನು ಮುಚ್ಚಿಡಬೇಡಿರಿ. ಕತ್ತಿ ಹಿಡಿದು ಬಂದವರನ್ನು ಅಂಜದೆ ಕೇಳಿರಿ: "ಚೂರು ತೆಗೆದು ಪರೀಕ್ಷೆ ಮಾಡಿಸಿದಿರಾ?" ಕಾಲು ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ.