ಕನ್ನಡಿ ಹೊಳಪಿಗೆ ಅಳತೆಗೋಲು ಯಾವುದು?

ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರಿನ ತೂಕ 26.73 ಗ್ರಾಂ. ಅದರಲ್ಲಿ ಶೇಕಡ 90ರಷ್ಟು ಬೆಳ್ಳಿ, ಉಳಿದದ್ದು ತಾಮ್ರ. ತಕ್ಕಡಿಯೂ ಒರೆಗಲ್ಲೂ ಇರುವ ಯಾವುದೇ ಚಿನಿವಾರಪೇಟೆಯಲ್ಲಿ ಇಷ್ಟನ್ನು ಕೆಲವೇ ನಿಮಿಷಗಳಲ್ಲಿ ಖಚಿತಪಡಿಸಿಕೊಳ್ಳಬಹುದು. ಆದರೆ ಒಂದೇ ವರ್ಷ ಒಂದೇ ಟಂಕಸಾಲೆಯಿಂದ ಹೊರಬಂದ ಎರಡು ಡಾಲರುಗಳಲ್ಲಿ ಒಂದು ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚಿಗೆ ಮಾರಾಟವಾದರೆ, ಇನ್ನೊಂದು ಅದರ ಹಲವು ಪಟ್ಟು ಬೆಲೆ ಪಡೆಯುತ್ತದೆ. ಈ ಅಂತರವನ್ನು ನಿರ್ಧರಿಸುವುದು ಮೊಹರು ಮಾಡಿದ ಪ್ಲಾಸ್ಟಿಕ್ ಕವಚದೊಳಗಿನ ಚೀಟಿಯ ಮೇಲಿರುವ ಎರಡು ಅಂಕಿ ಹಾಗೂ ಕೆಲವು ಅಕ್ಷರಗಳು. ಆ ಅಕ್ಷರಗಳನ್ನು ಬರೆಯುವ ಸಂಸ್ಥೆಗಳೇ ಪರಸ್ಪರ ಒಪ್ಪದಿದ್ದಾಗ ನಷ್ಟ ಹೊರುವವರು ಯಾರು ಎಂಬುದು ನಾಣ್ಯ ಸಂಗ್ರಾಹಕರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಪರರ ಪ್ರಮಾಣಪತ್ರವನ್ನು ನಂಬಿ ಸರಕು ಕೊಳ್ಳುವ ಪ್ರತಿಯೊಬ್ಬ ವರ್ತಕನಿಗೂ ಇದು ಸಂಬಂಧಿಸಿದೆ.

ಜಾರ್ಜ್ ಮಾರ್ಗನ್ ವಿನ್ಯಾಸಗೊಳಿಸಿದ ಈ ನಾಣ್ಯ 1878ರಿಂದ 1904ರವರೆಗೆ, ಆಮೇಲೆ 1921ರಲ್ಲಿ ಟಂಕಿತವಾಯಿತು. ಅದಕ್ಕೂ ಭಾರತಕ್ಕೂ ಒಂದು ಹಳೆಯ ನಂಟಿದೆ. 1918ರ ಪಿಟ್‌ಮನ್ ಕಾಯಿದೆಯನ್ವಯ ಅಮೆರಿಕ ಸರ್ಕಾರ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಭಾಗವನ್ನು ಬ್ರಿಟನ್ ಕೊಂಡದ್ದು ಭಾರತದ ರೂಪಾಯಿ ಚಲಾವಣೆಗೆ ಒದಗಿದ್ದ ಬೆಳ್ಳಿಯ ಅಭಾವವನ್ನು ನೀಗಲು. ಯಾವ ವರ್ಷದ ನಾಣ್ಯ ಎಷ್ಟು ಕರಗಿತೆಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ಆದ್ದರಿಂದ ಟಂಕಸಾಲೆಯ ಉತ್ಪಾದನಾ ಅಂಕಿಗಳನ್ನು ನೋಡಿ ನಾಣ್ಯದ ವಿರಳತೆಯನ್ನು ಅಂದಾಜು ಮಾಡುವುದು ಇಂದಿಗೂ ಸಾಧ್ಯವಿಲ್ಲ. ವರ್ತಕರು ಬೇರೆ ಲಕ್ಷಣಗಳ ಮೊರೆಹೋಗುತ್ತಾರೆ. ಅವುಗಳಲ್ಲಿ ಮುಖ್ಯವಾದದ್ದು ‘ಪ್ರೂಫ್‌ಲೈಕ್’ ಎಂಬ ಕನ್ನಡಿ ಹೊಳಪು.

ಈ ಹೊಳಪು ಹುಟ್ಟುವ ಬಗೆಯನ್ನು ಅಚ್ಚು ಮತ್ತು ಒತ್ತುಯಂತ್ರದೊಡನೆ ಕೆಲಸ ಮಾಡುವ ಸಣ್ಣ ಉದ್ದಿಮೆದಾರರು ಸುಲಭವಾಗಿ ಗ್ರಹಿಸಬಲ್ಲರು. ಉಕ್ಕಿನ ಅಚ್ಚನ್ನು ಕೆಲಸಕ್ಕೆ ಅಣಿಗೊಳಿಸುವಾಗ, ಅಥವಾ ನಡುವೆ ಬಿಲ್ಲೆಯಿಲ್ಲದೆ ಎರಡು ಅಚ್ಚುಗಳು ಒಂದಕ್ಕೊಂದು ಬಡಿದು ಮೂಡಿದ ಗುರುತನ್ನು ಅಳಿಸುವಾಗ, ಅದರ ಮೇಲ್ಮೈಯನ್ನು ಉಜ್ಜಿ ನಯಗೊಳಿಸುತ್ತಿದ್ದರು. ಹೀಗೆ ನಯಗೊಂಡ ಅಚ್ಚಿನಿಂದ ಬಂದ ಮೊದಲ ನಾಣ್ಯಗಳ ಬಯಲು ಭಾಗ ಕನ್ನಡಿಯಂತೆ ಪ್ರತಿಬಿಂಬ ತೋರುತ್ತದೆ. ಸ್ವಾತಂತ್ರ್ಯದೇವಿಯ ಮುಖ ಮತ್ತು ಹದ್ದಿನ ಚಿತ್ರ ಮಂಜು ಕವಿದಂತೆ ಬಿಳುಪಾಗಿ ಎದ್ದು ಕಾಣುತ್ತವೆ. ಒತ್ತು ಮುಂದುವರಿದಂತೆಲ್ಲ ಬೆಳ್ಳಿ ಅಂಚಿನತ್ತ ಹರಿದು ಅಚ್ಚಿನ ಮೇಲೆ ಸೂಕ್ಷ್ಮ ಗೆರೆಗಳನ್ನು ಕೊರೆಯುತ್ತದೆ. ಆಗ ಕನ್ನಡಿ ಮಾಯವಾಗಿ, ಗಾಡಿಯ ಚಕ್ರದಂತೆ ತಿರುಗುವ ಸಾಮಾನ್ಯ ಕಾಂತಿ ಬರುತ್ತದೆ. ಅಂದರೆ ಕನ್ನಡಿ ನಾಣ್ಯಕ್ಕೂ ಸಾಮಾನ್ಯ ನಾಣ್ಯಕ್ಕೂ ನಡುವೆ ಸ್ಪಷ್ಟವಾದ ಗಡಿಯಿಲ್ಲ. ಒಂದೇ ಅಚ್ಚಿನಿಂದ ಸಾಲಾಗಿ ಬಿದ್ದ ನಾಣ್ಯಗಳಲ್ಲಿ ಹೊಳಪು ಹಂತಹಂತವಾಗಿ ಕುಂದುತ್ತ ಹೋಗುತ್ತದೆ. ಎಲ್ಲಿಗೆ ಗೆರೆ ಎಳೆಯಬೇಕೆಂಬುದನ್ನು ಪ್ರಕೃತಿ ಹೇಳುವುದಿಲ್ಲ, ಮನುಷ್ಯರು ಎಳೆಯಬೇಕು.

ಮಾರುಕಟ್ಟೆ ಎಳೆದ ಗೆರೆ ಸ್ಥೂಲವಾಗಿ ಹೀಗಿದೆ. ಎರಡರಿಂದ ನಾಲ್ಕು ಅಂಗುಲ ದೂರದಲ್ಲಿ ಹಿಡಿದ ಅಕ್ಷರ ನಾಣ್ಯದ ಬಯಲಿನಲ್ಲಿ ಸ್ಪಷ್ಟವಾಗಿ ಪ್ರತಿಫಲಿಸಿದರೆ ಅದು ‘ಪಿ.ಎಲ್.’. ಅದಕ್ಕೂ ಹೆಚ್ಚಿನ ದೂರದಿಂದ ಪ್ರತಿಫಲಿಸಿದರೆ ‘ಡಿ.ಎಂ.ಪಿ.ಎಲ್.’, ಅಂದರೆ ಆಳವಾದ ಕನ್ನಡಿ. ಪಿ.ಸಿ.ಜಿ.ಎಸ್. ಸಂಸ್ಥೆ ಈ ಹೆಸರನ್ನು ಬಳಸಿದರೆ, ಎನ್.ಜಿ.ಸಿ. ದೀರ್ಘಕಾಲ ‘ಡಿ.ಪಿ.ಎಲ್.’ ಎಂದು ಬರೆಯುತ್ತ ಬಂದಿತು. ಹೆಸರಿನ ಭೇದ ದೊಡ್ಡ ತೊಡಕೇನಲ್ಲ. ನಿಜವಾದ ತೊಡಕು ಅಂಗುಲದಲ್ಲಿದೆ. ‘ಸ್ಪಷ್ಟ’ ಎಂದರೆ ಎಷ್ಟು ಸ್ಪಷ್ಟ? ಯಾವ ದೀಪದ ಕೆಳಗೆ? ಬಯಲಿನ ಯಾವ ಭಾಗದಲ್ಲಿ? ಕೆನ್ನೆಯ ಮುಂದೆ ಆಳವಾಗಿ ಹೊಳೆದು, ಕತ್ತಿನ ಹಿಂದೆ ಮಸುಕಾದ ನಾಣ್ಯಗಳೇ ಹೆಚ್ಚು. ಎರಡೂ ಮುಖಗಳು ಅರ್ಹವಾಗಿರಬೇಕೆಂಬುದು ನಿಯಮ. ಹೀಗಾಗಿ ಮುಮ್ಮುಖ ಎಷ್ಟೇ ಹೊಳೆದರೂ ಹಿಮ್ಮುಖ ದುರ್ಬಲವಾಗಿದ್ದರೆ ನಾಣ್ಯ ಕೆಳಗಿನ ಹೆಸರನ್ನೇ ಪಡೆಯುತ್ತದೆ. ಯಾವ ಮುಖ ದುರ್ಬಲ, ಎಷ್ಟು ದುರ್ಬಲ ಎಂಬುದನ್ನು ಚೀಟಿ ತಿಳಿಸುವುದಿಲ್ಲ.

ಇದರ ಜೊತೆಗೆ ಅಂಕಿಯ ಪ್ರಶ್ನೆಯೂ ಇದೆ. 1ರಿಂದ 70ರವರೆಗಿನ ದರ್ಜೆಮಾನವನ್ನು 1949ರಲ್ಲಿ ಡಾ. ವಿಲಿಯಂ ಶೆಲ್ಡನ್ ರೂಪಿಸಿದ್ದು ಹಳೆಯ ತಾಮ್ರದ ಸೆಂಟ್‌ಗಳಿಗಾಗಿ. 70ನೆಯ ದರ್ಜೆಯ ನಾಣ್ಯ 1ನೆಯ ದರ್ಜೆಯದರ 70 ಪಟ್ಟು ಬೆಲೆಬಾಳುತ್ತದೆಂಬುದು ಅವರ ಲೆಕ್ಕವಾಗಿತ್ತು. ಆ ಬೆಲೆಗಳು ಬಹುಬೇಗ ಕೆಟ್ಟುಹೋದವು, ಅಂಕಿಗಳು ಮಾತ್ರ ಉಳಿದವು. ಚಲಾವಣೆಯಾಗದ ನಾಣ್ಯಗಳಿಗೆ 60ರಿಂದ 70ರವರೆಗೆ ಹನ್ನೊಂದು ಮೆಟ್ಟಿಲುಗಳಿವೆ. ಸಾವಿರ ನಾಣ್ಯಗಳನ್ನು ಒಂದೇ ಚೀಲದಲ್ಲಿ ತುಂಬಿ ಸಾಗಿಸಿದಾಗ ಬಿದ್ದ ಗೀರುಗಳನ್ನು ಎಣಿಸಿ ಈ ಮೆಟ್ಟಿಲನ್ನು ನಿರ್ಧರಿಸಬೇಕು. ಸಾಮಾನ್ಯ ಕಾಂತಿಯ ನಾಣ್ಯದಲ್ಲಿ ಅಡಗಿಹೋಗುವ ಗೀರು ಕನ್ನಡಿಯ ಮೇಲೆ ಎದ್ದು ಕಾಣುತ್ತದೆ. ಅದನ್ನು ಕಂಡಷ್ಟೇ ಕಠಿಣವಾಗಿ ಅಳೆಯಬೇಕೋ, ಕನ್ನಡಿಯೆಂಬ ಕಾರಣಕ್ಕೆ ರಿಯಾಯಿತಿ ತೋರಬೇಕೋ? ಒಬ್ಬ ಪರೀಕ್ಷಕ ರಿಯಾಯಿತಿ ಕೊಟ್ಟು 65 ಬರೆಯಬಹುದು, ಮತ್ತೊಬ್ಬ ಕೊಡದೆ 63 ಬರೆಯಬಹುದು. ಇಬ್ಬರೂ ಅಪ್ರಾಮಾಣಿಕರಲ್ಲ.

ಪಿ.ಸಿ.ಜಿ.ಎಸ್. 1985ರಲ್ಲಿ, ಎನ್.ಜಿ.ಸಿ. 1987ರಲ್ಲಿ ಸ್ಥಾಪನೆಯಾದದ್ದು ಮಾರಾಟಗಾರನೇ ತನ್ನ ಸರಕಿಗೆ ದರ್ಜೆ ಕಟ್ಟುವ ಪದ್ಧತಿಗೆ ತಡೆ ಹಾಕಲೆಂದು. ಅದು ಒಳ್ಳೆಯ ಕೆಲಸವೇ. ಖೋಟಾ ನಾಣ್ಯಗಳ ಹಾವಳಿ ಇದರಿಂದ ಬಹಳ ತಗ್ಗಿತು. ಉಜ್ಜಿ ಹೊಳಪು ಬರಿಸಿದ ನಾಣ್ಯಗಳನ್ನು ಗುರುತಿಸುವಲ್ಲಿಯೂ ಈ ಸಂಸ್ಥೆಗಳ ಕಣ್ಣು ಪಳಗಿದೆ. ಅಚ್ಚನ್ನು ಉಜ್ಜಿದ ಗೆರೆ ನಾಣ್ಯದ ಮೇಲೆ ಉಬ್ಬಾಗಿರುತ್ತದೆ, ನಾಣ್ಯವನ್ನೇ ಉಜ್ಜಿದ ಗೆರೆ ತಗ್ಗಾಗಿರುತ್ತದೆ. ಭೂತಗಾಜಿನಲ್ಲಿ ಇದನ್ನು ಪ್ರತ್ಯೇಕಿಸುವುದು ಕೌಶಲ್ಯದ ಕೆಲಸ. ಇಷ್ಟರಮಟ್ಟಿಗೆ ಅವರ ಶುಲ್ಕ ನ್ಯಾಯವಾದದ್ದು.

ಆದರೆ ಮತ ಮತ್ತು ಅಳತೆಗಳ ನಡುವಣ ವ್ಯತ್ಯಾಸವನ್ನು ಮರೆಮಾಚುವುದು ನ್ಯಾಯವಲ್ಲ. 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ದರ್ಜೆಯ ವಸ್ತುನಿಷ್ಠತೆಯ ಬಗ್ಗೆ ಅತಿಶಯದ ಪ್ರಚಾರ ಮಾಡಲಾಗುತ್ತಿದೆಯೆಂದು ಪಿ.ಸಿ.ಜಿ.ಎಸ್. ಮೇಲೆ ಆಕ್ಷೇಪಣೆ ಎತ್ತಿತ್ತು. ಪ್ರಮಾಣೀಕರಣದಿಂದ ದರ್ಜೆ ನಿರ್ಣಯದ ಅಪಾಯಗಳೆಲ್ಲ ನಿವಾರಣೆಯಾಗುವುದಿಲ್ಲವೆಂದು ಜಾಹೀರಾತಿನಲ್ಲಿ ತಿಳಿಸುವ ಒಪ್ಪಂದದೊಡನೆ ಅದು ಬಗೆಹರಿಯಿತು. 2003ರಲ್ಲಿ ‘ಕಾಯಿನ್ ವರ್ಲ್ಡ್’ ವಾರಪತ್ರಿಕೆ ಒಂದು ವರ್ಷದ ಅವಧಿಯಲ್ಲಿ ಅವೇ ನಾಣ್ಯಗಳನ್ನು ಹಲವು ಸಂಸ್ಥೆಗಳಿಗೆ ಕಳುಹಿಸಿ ಫಲಿತಾಂಶವನ್ನು ಪ್ರಕಟಿಸಿತು. ಯಾವೊಂದು ನಾಣ್ಯದ ವಿಷಯದಲ್ಲಿಯೂ ಸಂಸ್ಥೆಗಳೆಲ್ಲ ಒಮ್ಮತಕ್ಕೆ ಬಂದಿರಲಿಲ್ಲ. ಕೆಲವದರಲ್ಲಿ ಅಂತರ ಏಳು ಅಂಕಗಳವರೆಗೆ ಇತ್ತು. ಒಂದು ಅಂಕದ ವ್ಯತ್ಯಾಸಕ್ಕೇ ಬೆಲೆ ದ್ವಿಗುಣವಾಗಬಲ್ಲ ಪೇಟೆಯಲ್ಲಿ ಏಳು ಅಂಕಗಳೆಂದರೆ ಬೇರೆಯೇ ಸರಕು.

ಈ ಅನಿಶ್ಚಿತತೆಯೇ ಒಂದು ವ್ಯಾಪಾರವಾಗಿ ಬೆಳೆದಿರುವುದು ಹೆಚ್ಚು ಆಕ್ಷೇಪಾರ್ಹ. 64 ಎಂದು ಬಂದ ನಾಣ್ಯವನ್ನು ಕವಚ ಒಡೆದು ಹೊರತೆಗೆದು, 65 ಬರುವವರೆಗೆ ಮತ್ತೆ ಮತ್ತೆ ಕಳುಹಿಸುವ ವರ್ತಕರಿದ್ದಾರೆ. ಪ್ರತಿ ಬಾರಿಯೂ ಸಂಸ್ಥೆಗೆ ಶುಲ್ಕ ಸಲ್ಲುತ್ತದೆ. ಹಳೆಯ ಚೀಟಿ ಹಿಂತಿರುಗದಿದ್ದರೆ ಒಂದೇ ನಾಣ್ಯ ಸಂಸ್ಥೆಯ ಪ್ರಕಟಿತ ಗಣತಿಯಲ್ಲಿ ಮೂರು ನಾಲ್ಕಾಗಿ ಉಳಿಯುತ್ತದೆ. ಆ ಗಣತಿಯನ್ನು ನಂಬಿ ವಿರಳತೆಯ ಲೆಕ್ಕ ಹಾಕುವವರು ಮೋಸಹೋಗುತ್ತಾರೆ. ಏರಿದ ದರ್ಜೆ ಏರಿಯೇ ಉಳಿಯುವುದರಿಂದ ಕಾಲಕ್ರಮದಲ್ಲಿ ದರ್ಜೆಗಳೇ ಉಬ್ಬುತ್ತವೆ. 2007ರಲ್ಲಿ ಸಿ.ಎ.ಸಿ. ಎಂಬ ಸಂಸ್ಥೆ ಹುಟ್ಟಿ, ಇತರರು ಕೊಟ್ಟ ದರ್ಜೆ ಗಟ್ಟಿಯೆಂದು ಕಂಡಾಗ ಕವಚದ ಮೇಲೆ ಹಸಿರು ಚೀಟಿ ಅಂಟಿಸತೊಡಗಿತು. ಪ್ರಮಾಣಪತ್ರಕ್ಕೇ ಪ್ರಮಾಣಪತ್ರ ಬೇಕಾದ ಸ್ಥಿತಿ! ಅದೇ ಸಮೂಹ 2023ರಲ್ಲಿ ತಾನೇ ದರ್ಜೆ ಕಟ್ಟುವ ಉದ್ಯಮಕ್ಕಿಳಿಯಿತು.

ಸಂಸ್ಥೆಗಳು ನೀಡುವ ಖಾತರಿಯನ್ನು ಇಲ್ಲಿ ಸಮರ್ಥನೆಯಾಗಿ ಹೇಳುವುದುಂಟು. ದರ್ಜೆ ತಪ್ಪೆಂದು ಸಾಬೀತಾದರೆ ಪರಿಹಾರ ಸಿಗುತ್ತದೆ, ನಿಜ. ಆದರೆ ತಪ್ಪೋ ಅಲ್ಲವೋ ಎಂದು ತೀರ್ಮಾನಿಸುವುದೂ ಅದೇ ಸಂಸ್ಥೆ. ಮತ್ತೊಂದು ಸಂಸ್ಥೆ ಅದೇ ನಾಣ್ಯಕ್ಕೆ ಬರೀ ‘ಪಿ.ಎಲ್.’ ಎಂದು ಬರೆದುಕೊಟ್ಟರೆ ಮೊದಲನೆಯ ಖಾತರಿ ಅದಕ್ಕೆ ಉತ್ತರದಾಯಿಯಲ್ಲ.

ಹಾಗಾದರೆ ಪರಿಹಾರವಿಲ್ಲವೇ? ಗೀರುಗಳ ವಿಷಯದಲ್ಲಿ ಕಣ್ಣಿನ ತೀರ್ಪು ಅನಿವಾರ್ಯವಾಗಬಹುದು. 1990ರ ಸುಮಾರಿಗೆ ಮಾರ್ಗನ್ ಡಾಲರುಗಳನ್ನೇ ಆರಿಸಿಕೊಂಡು ಕಂಪ್ಯೂಟರಿನಿಂದ ದರ್ಜೆ ಕಟ್ಟಿಸುವ ಪ್ರಯತ್ನ ನಡೆದು, ಬಳಕೆಯಲ್ಲಿ ಉಳಿಯದೆ ಹೋಯಿತು. ಆದರೆ ಪ್ರತಿಫಲನ ಗೀರಿನಂತಲ್ಲ. ಬಣ್ಣ ಬಳಿದ ಲೋಹದ ತಗಡು, ಹೊಳಪು ಕೊಟ್ಟ ಕಲ್ಲು ಇವುಗಳ ಹೊಳಪನ್ನು ಕಾರ್ಖಾನೆಗಳಲ್ಲಿ ಉಪಕರಣದಿಂದ ಅಳೆದು ಅಂಕಿಯಲ್ಲಿ ಬರೆಯುವ ರೂಢಿ ಹಳೆಯದು. ಭಾರತದಲ್ಲಿ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯಗೊಂಡ ಚಿನ್ನದ ಹಾಲ್‌ಮಾರ್ಕ್ ಪರೀಕ್ಷಕನ ಅಭಿಪ್ರಾಯವನ್ನಲ್ಲ, ಶುದ್ಧತೆಯ ಅಂಕಿಯನ್ನು ಮುದ್ರಿಸುತ್ತದೆ. ಇನ್ನೊಂದು ಕೇಂದ್ರದಲ್ಲಿ ಮರುಪರೀಕ್ಷೆ ಮಾಡಿಸಿ ಅದನ್ನು ಪ್ರಶ್ನಿಸಬಹುದು. ಡಾಲರಿನ ಎರಡೂ ಮುಖಗಳ ಪ್ರತಿಫಲನವನ್ನು ನಿಗದಿತ ಬೆಳಕಿನಲ್ಲಿ, ನಿಗದಿತ ಬಿಂದುಗಳಲ್ಲಿ ಅಳೆದು ಬೇರೆಬೇರೆಯಾಗಿ ಮುದ್ರಿಸಲು ತಾಂತ್ರಿಕ ಅಡಚಣೆ ಏನೂ ಕಾಣದು. ಅಡಚಣೆ ವ್ಯಾಪಾರದ್ದು. ಅಂಕಿ ಮುದ್ರಿತವಾದರೆ ಮರುಸಲ್ಲಿಕೆಯ ಆದಾಯ ತಗ್ಗುತ್ತದೆ, ಈಗಾಗಲೇ ಕವಚದಲ್ಲಿರುವ ಸಾವಿರಾರು ನಾಣ್ಯಗಳ ಹೆಸರು ಪ್ರಶ್ನೆಗೊಳಗಾಗುತ್ತದೆ.

ಅಂತಹ ಮುದ್ರಣ ಬರುವವರೆಗೆ ಕೊಳ್ಳುವವರು ಚಿತ್ರ ನೋಡಿ ಹಣ ಕಟ್ಟುವುದು ತರವಲ್ಲ. ಕವಚವನ್ನು ಒಂದೇ ದೀಪದ ಕೆಳಗೆ ಹಿಡಿದು, ಅಚ್ಚಾದ ಅಕ್ಷರಗಳ ಪಟ್ಟಿಯನ್ನು ಅಂಗುಲ ಅಂಗುಲವಾಗಿ ಹಿಂದೆ ಸರಿಸುತ್ತ ಎರಡೂ ಮುಖಗಳನ್ನು ಪರೀಕ್ಷಿಸಬೇಕು. ದುರ್ಬಲ ಮುಖ ಅನುಮಾನ ತರಿಸಿದರೆ, ಚೀಟಿ ಏನೇ ಹೇಳಲಿ, ‘ಪಿ.ಎಲ್.’ನ ಬೆಲೆಯನ್ನಷ್ಟೇ ಕೊಡಬೇಕು. ಮಾರುವವನು ಅದಕ್ಕೆ ಒಪ್ಪದಿದ್ದರೆ ನಾಣ್ಯ ಅವನ ಪೆಟ್ಟಿಗೆಯಲ್ಲಿಯೇ ಇರಲಿ. 1881ರ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಹೊಳಪುಳ್ಳ ಡಾಲರುಗಳಿಗೆ ಪೇಟೆಯಲ್ಲಿ ಬರವೇನೂ ಇಲ್ಲ.