ಬೋರ್ಡು ಕನ್ನಡವಾಯಿತು, ಒಳಗಿನ ಕಂಪ್ಯೂಟರು?



2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಅಂಗಡಿ ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡ ಕಡ್ಡಾಯವಾಯಿತು. ಅದಕ್ಕಾಗಿ ಬೀದಿಗಿಳಿದವರು, ಜೈಲು ಕಂಡವರು ನಮ್ಮ ಹುಡುಗರೇ. ಸಂತೋಷ. ಈಗ ಆ ಬೋರ್ಡಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋಗಿ ನೋಡಿ. ಬಿಲ್ಲು ಇಂಗ್ಲಿಷು. ಸರಕಿನ ಪಟ್ಟಿ ಇಂಗ್ಲಿಷು. ಯಾಕೆಂದು ಕೇಳಿದರೆ ಸಿದ್ಧ ಉತ್ತರ: "ಹೊರಗಿನವರ ಜೊತೆ ವ್ಯವಹಾರ ಸಾರ್, ಕಂಪ್ಯೂಟರಿಗೆ ಕನ್ನಡ ಹೊಂದೋದಿಲ್ಲ."

ಇದು ಹಸಿ ಸುಳ್ಳು. ಸುಳ್ಳೆಂದು ತಿಳಿಯಲು ಜರ್ಮನಿಯ ಒಂದು ಸಣ್ಣ ಊರಿನ ಕಥೆ ಕೇಳಿ.

1986ನೇ ಇಸವಿ. ಇಲ್ಲಿ ಸರೋಜಿನಿ ಮಹಿಷಿ ಅವರು ಕನ್ನಡಿಗರ ಉದ್ಯೋಗದ ಬಗ್ಗೆ 58 ಶಿಫಾರಸುಗಳ ಅಂತಿಮ ವರದಿಯನ್ನು ಸರ್ಕಾರದ ಕೈಗಿಟ್ಟ ವರ್ಷ. ಅದೇ ವರ್ಷ ನೈಋತ್ಯ ಜರ್ಮನಿಯ ಬ್ರೆಟನ್ ಎಂಬ ಊರಿನಲ್ಲಿ ಬರ್ನ್ಡ್ ಸೀಬರ್ಗರ್ ಎಂಬುವರು ತಮ್ಮ ಮನೆತನದ ಹೆಸರಿನಲ್ಲೇ ಒಂದು ಸಾಫ್ಟ್‌ವೇರ್ ಕಂಪನಿ ತೆರೆದರು. ಇವತ್ತಿಗೂ ಆ ಊರಿನ ಜನಸಂಖ್ಯೆ 30 ಸಾವಿರದ ಆಸುಪಾಸು. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು!

ಆ ಸೀಮೆ ಮೋಟಾರು ಉದ್ಯಮದ ಸೀಮೆ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ತಲೆಮಾರುಗಳಿಗೆ ಅನ್ನ ಕೊಟ್ಟ ನಮ್ಮ ಮೈಕೋದ ಮೂಲ ಸಂಸ್ಥೆ ಬಾಷ್ ಕೂಡ ಅದೇ ರಾಜ್ಯದ್ದು. ಕಾರು ಕಟ್ಟುವವನಿಗೆ ಬಿಡಿಭಾಗ ಒದಗಿಸುವವರು ನೂರಾರು ಜನ. ಯಾವ ದಿನ ಎಷ್ಟು ಭಾಗ ಬೇಕು, ಲಾರಿ ಎಷ್ಟು ಹೊತ್ತಿಗೆ ಬರಬೇಕು ಎಂಬ ಆದೇಶ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಬೇಕು. ಆದರೆ ಒಬ್ಬೊಬ್ಬರದು ಒಂದೊಂದು ನಮೂನೆ. ಜರ್ಮನ್ ಮೋಟಾರು ಉದ್ಯಮದ ಒಕ್ಕೂಟಕ್ಕೆ ತನ್ನದೇ ವಿಡಿಎ ನಮೂನೆ. ಅಮೆರಿಕದವರಿಗೆ ಎಕ್ಸ್-12. ವಿಶ್ವಸಂಸ್ಥೆಯ ಆಶ್ರಯದಲ್ಲಿ ಬಂದದ್ದು ಎಡಿಫ್ಯಾಕ್ಟ್.

ಸೀಬರ್ಗರ್ ಕಂಪನಿ ಏನು ಮಾಡಿತು? "ನಿಮ್ಮ ನಮೂನೆ ಬಿಡಿ, ದೊಡ್ಡವರದನ್ನು ಹಿಡಿಯಿರಿ" ಎನ್ನಲಿಲ್ಲ. ನಡುವೆ ನಿಂತು ದುಭಾಷಿಯ ಕೆಲಸ ಮಾಡುವ ಸಾಫ್ಟ್‌ವೇರ್ ಬರೆಯಿತು. ಈ ಕಡೆಯ ಲೆಕ್ಕ ಈ ಕಡೆಯವರ ರೂಪದಲ್ಲೇ ಇರುತ್ತದೆ, ಆ ಕಡೆಯದು ಆ ಕಡೆಯವರ ರೂಪದಲ್ಲಿ. ಯಾರೂ ಯಾರಿಗೂ ಶರಣಾಗಬೇಕಿಲ್ಲ. ಈ ಕೆಲಸದಿಂದಲೇ ಕಂಪನಿ ಬೆಳೆಯಿತು. ಅಮೆರಿಕದ ಅಟ್ಲಾಂಟಾದಲ್ಲಿ, ಬಲ್ಗೇರಿಯಾದ ಸೋಫಿಯಾದಲ್ಲಿ ಕಚೇರಿ ತೆರೆಯಿತು. ಅದರ ಷೇರು ಪೇಟೆಯಲ್ಲಿ ಬಿಕರಿಗಿಲ್ಲ, ಒಡೆತನ ಮನೆತನದ್ದೇ. ಕೇಂದ್ರ ಕಚೇರಿ ಇನ್ನೂ ಬ್ರೆಟನ್ನಿನಲ್ಲೇ ಇದೆ. ಅಟ್ಲಾಂಟಾದಲ್ಲಿ ಇಂಗ್ಲಿಷಿನಲ್ಲಿ ವ್ಯಾಪಾರ ಮಾಡುತ್ತಾರೆ, ಮಾಡಲಿ. ಅದಕ್ಕಾಗಿ ಅವರು ಹುಟ್ಟಿದ ಊರನ್ನೂ ಬಿಡಲಿಲ್ಲ, ಜರ್ಮನ್ ಭಾಷೆಯನ್ನೂ ಬಿಡಲಿಲ್ಲ.

"ನಮೂನೆ ಬೇರೆ, ಭಾಷೆ ಬೇರೆ ಅಲ್ಲವೇ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಕಂಪ್ಯೂಟರುಗಳ ನಡುವೆ ಓಡಾಡುವುದು ಮುಖ್ಯವಾಗಿ ಸರಕಿನ ಸಂಖ್ಯೆ, ಪ್ರಮಾಣ, ತಾರೀಖು. ಆ ಸಂಖ್ಯೆಯ ಎದುರು ಸ್ಟಟ್‌ಗಾರ್ಟಿನ ಪರದೆಯಲ್ಲಿ ಜರ್ಮನ್ ಹೆಸರು ಕಂಡರೆ, ಪೀಣ್ಯದ ಪರದೆಯಲ್ಲಿ ಕನ್ನಡ ಹೆಸರು ಕಾಣಲು ಯಾವ ಅಡ್ಡಿ? ತಂತ್ರಜ್ಞಾನದ ಅಡ್ಡಿ ಇಲ್ಲ. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅಡ್ಡಿ ಇರುವುದು ನಮ್ಮ ಮನಸ್ಸಿನಲ್ಲಿ.

ನಮ್ಮ ಮನೆಯ ಹುಳುಕನ್ನೂ ಹೇಳಬೇಕು. ಕನ್ನಡವನ್ನು ಕಂಪ್ಯೂಟರಿಗೆ ತಂದವರು ಬೆವರು ಸುರಿಸಿದ್ದಾರೆ. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇರದಿದ್ದರೆ ನಾವು ಇಷ್ಟು ದೂರ ಬರುತ್ತಿರಲಿಲ್ಲ. ಆದರೆ ಹಳೆಯ ಫಾಂಟ್ ಸಂಕೇತಗಳಲ್ಲಿ ಟೈಪಾದ ಕಡತವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲಾಗುವುದಿಲ್ಲ. ಕನ್ನಡಕ್ಕೇ ಕನ್ನಡದ ದುಭಾಷಿ ಬೇಕಾದ ಸ್ಥಿತಿ! ಯೂನಿಕೋಡ್‌ಗೆ ತಿರುಗಿಸುವ ಸಾಧನಗಳು ಇವೆ. ಇಲ್ಲದಿರುವುದು ಇಚ್ಛಾಶಕ್ತಿ.

ಹಾಗೆಂದು ಆಗದ ಕೆಲಸವಲ್ಲ. ಭೂಮಿ ಯೋಜನೆಯಲ್ಲಿ ರಾಜ್ಯದ ರೈತರ ಪಹಣಿಗಳು ಕಂಪ್ಯೂಟರಿಗೆ ಬಂದದ್ದು ಕನ್ನಡದಲ್ಲೇ. ರೈತನ ಜಮೀನಿನ ಲೆಕ್ಕಕ್ಕೆ ಕನ್ನಡ ಸಾಕಾದರೆ, ಚಿಕ್ಕಪೇಟೆಯ ಬಟ್ಟೆ ಅಂಗಡಿಯ ಲೆಕ್ಕಕ್ಕೆ ಸಾಲದೇ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಒಂದು, ಸರ್ಕಾರಿ ಕಚೇರಿಗಳ ಹಳೆಯ ಕಡತಗಳನ್ನೆಲ್ಲ ಗಡುವು ಹಾಕಿ ಯೂನಿಕೋಡ್‌ಗೆ ತರಬೇಕು. ಎರಡು, ಕನ್ನಡವನ್ನು ತುಂಬಿಸಲು, ಹುಡುಕಲು, ಮುದ್ರಿಸಲು ಬಾರದ ಸಾಫ್ಟ್‌ವೇರಿಗೆ ಸರ್ಕಾರ ಒಂದು ಪೈಸೆಯನ್ನೂ ಕೊಡಬಾರದು.

ಮೂರನೆಯದು ಬೇಡಿಕೆಯಲ್ಲ, ನಿಮ್ಮ ಪಾಲಿನ ಕೆಲಸ. ಇಂಜಿನಿಯರಿಂಗ್ ಓದಿದ ಕನ್ನಡದ ಹುಡುಗ ಹುಡುಗಿಯರೇ, ಊರವರ ಲೆಕ್ಕವನ್ನು ಹೊರಜಗತ್ತಿಗೆ ಬೆಸೆಯುವ ದುಭಾಷಿ ಸಾಫ್ಟ್‌ವೇರನ್ನು ನೀವು ಬರೆಯಿರಿ. ಹಾಸನದಲ್ಲಿ ಬರೆಯಿರಿ, ದಾವಣಗೆರೆಯಲ್ಲಿ ಬರೆಯಿರಿ. ಅಣ್ಣ ತಂಗಿ ಸೇರಿ, ಗಂಡ ಹೆಂಡತಿ ಸೇರಿ ಶುರು ಮಾಡಿ. ಕೆಲಸ ಕೊಡಿ ಎಂದು ಕೇಳುವುದು ನಮ್ಮ ಹಕ್ಕು, ಅದನ್ನು ಬಿಡುವುದಿಲ್ಲ. ಆದರೆ ಕೆಲಸ ಕೊಡುವ ಕನ್ನಡಿಗರು ಹೆಚ್ಚಿದ ದಿನ ಆ ಕೂಗಿಗೆ ಆನೆಬಲ ಬರುತ್ತದೆ.

ಬೋರ್ಡು ಗೆದ್ದಿದ್ದೇವೆ. ಇನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರನ್ನು ಗೆಲ್ಲಬೇಕು.