ಪ್ರೊಬೇಷನ್‌ನಲ್ಲಿರುವಾಗ ಬೇರೆ ಹುದ್ದೆಗೆ ಅರ್ಜಿ ಹಾಕಿದರೆ ಕೆಲಸ ಹೋಗುತ್ತದೆಯೇ?

ಸರ್ಕಾರಿ ನೇಮಕಾತಿಯ ಅಧಿಸೂಚನೆ ಬಂದಾಗಲೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೂರು ಮಾತುಗಳು ಓಡಾಡುತ್ತವೆ. ಒಂದು, ‘ಪ್ರೊಬೇಷನ್‌ನಲ್ಲಿ ಅರ್ಜಿ ಹಾಕಿದರೆ ಇರುವ ಕೆಲಸವೂ ಹೋಗುತ್ತದೆ’. ಎರಡು, ‘2 ವರ್ಷ ತುಂಬಿದರೆ ಪ್ರೊಬೇಷನ್ ತಾನಾಗಿಯೇ ಮುಗಿಯುತ್ತದೆ’. ಮೂರು, ‘ಆಯ್ಕೆಯಾದರೆ ರಾಜೀನಾಮೆ ಕೊಟ್ಟು ಹೋದರಾಯಿತು’. ಮೊದಲನೆಯದು ಸುಮ್ಮನೆ ಹೆದರಿಸುತ್ತದೆ. ಉಳಿದೆರಡನ್ನು ನಂಬಿದವರಿಗೆ ನಿಜವಾದ ನಷ್ಟವಾಗಬಹುದು.

ಈ ಗೊಂದಲ ಏಕೆ?

2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆಯಿತು. ಅದೇ ವರ್ಷ ಕೆಪಿಎಸ್‌ಸಿ 247 ಪಿಡಿಒ ಮತ್ತು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಓದುವವರು ಸಿಕ್ಕ ಪರೀಕ್ಷೆಗಳನ್ನೆಲ್ಲ ಬರೆಯುತ್ತಾರೆ. ಫಲಿತಾಂಶಗಳು ಮಾತ್ರ ಬೇರೆ ಬೇರೆ ಹೊತ್ತಿಗೆ ಬರುತ್ತವೆ.

ಹಾಗಾಗಿ ಸಿದ್ದಾಪುರದ ಒಂದು ವೃತ್ತದಲ್ಲಿ ಗ್ರಾಮ ಆಡಳಿತಾಧಿಕಾರಿಯಾಗಿ ಈಗಷ್ಟೇ ಸೇರಿದವರಿಗೆ, ಯಲ್ಲಾಪುರದ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿಗೆ ಅಥವಾ ಶಿರಸಿಯ ಕಚೇರಿಯೊಂದರ ದ್ವಿತೀಯ ದರ್ಜೆ ಸಹಾಯಕರಿಗೆ ಇನ್ನೂ ಒಳ್ಳೆಯ ಹುದ್ದೆಯ ಅವಕಾಶ ಎದುರಾಗಬಹುದು. ಎರಡೂ ಕಡೆ ಕೆಲಸ ಕೊಡುವುದು ರಾಜ್ಯ ಸರ್ಕಾರವೇ, ಇಲಾಖೆ ಮಾತ್ರ ಬೇರೆ.

ಮಾತು 1: ಅರ್ಜಿ ಹಾಕುವುದೇ ತಪ್ಪೇ?

ಅಲ್ಲ. ಸೇವೆಯಲ್ಲಿರುವವರೂ ಅರ್ಜಿ ಹಾಕಬಹುದು. ಆದರೆ ನೇಮಕಾತಿ ಅಧಿಸೂಚನೆಗಳು ಸೇವಾನಿರತರಿಂದ ಸಕ್ಷಮ ಪ್ರಾಧಿಕಾರದ ಅನುಮತಿ ಅಥವಾ ನಿರಾಕ್ಷೇಪಣಾ ಪತ್ರ ಕೇಳುತ್ತವೆ. ತೊಂದರೆ ಬರುವುದು ಅರ್ಜಿ ಹಾಕಿದ್ದಕ್ಕಲ್ಲ, ಅದನ್ನು ಮುಚ್ಚಿಟ್ಟಿದ್ದಕ್ಕೆ.

ಈಗಿನ ಕೆಲಸಕ್ಕೆ ಸೇರುವ ಮೊದಲೇ ಅರ್ಜಿ ಹಾಕಿದ್ದರೆ? ಅಂಚೆಯಂಥ ಕೇಂದ್ರ ಇಲಾಖೆಗಳ ನೌಕರರಿಗೆ ಕೇಂದ್ರದ ಸೂಚನೆ ಸ್ಪಷ್ಟವಾಗಿದೆ: ಸೇರುವಾಗಲೇ ಆ ಅರ್ಜಿಯ ವಿವರವನ್ನು ಇಲಾಖೆಗೆ ತಿಳಿಸಬೇಕು. ರಾಜ್ಯ ನೌಕರರಿಗೂ ಹೀಗೆ ಬರವಣಿಗೆಯಲ್ಲಿ ತಿಳಿಸುವುದೇ ಸುರಕ್ಷಿತ ದಾರಿ.

ಮಾತು 2: 2 ವರ್ಷ ತುಂಬಿದರೆ ಸಾಕೇ?

ಸಾಲದು. ಕರ್ನಾಟಕ ನಾಗರಿಕ ಸೇವಾ (ಪ್ರೊಬೇಷನ್) ನಿಯಮಗಳು, 1977ರ ಪ್ರಕಾರ ಸಾಮಾನ್ಯವಾಗಿ ಪ್ರೊಬೇಷನ್ ಕನಿಷ್ಠ 2 ವರ್ಷ. ಕಾರಣ ದಾಖಲಿಸಿ ಅದನ್ನು ಮೂಲ ಅವಧಿಯ ಅರ್ಧದಷ್ಟು ವಿಸ್ತರಿಸಬಹುದು. ಪ್ರೊಬೇಷನ್ ತೃಪ್ತಿಕರವಾಗಿ ಮುಗಿದಿದೆ ಎಂಬ ನಿರ್ದಿಷ್ಟ ಆದೇಶ ಹೊರಬೀಳುವವರೆಗೆ ಅದು ಮುಗಿದಂತಲ್ಲ. ಆದೇಶ ತಡವಾಯಿತೆಂದು ಅದು ತಾನಾಗಿ ಮುಗಿಯುವುದೂ ಇಲ್ಲ. ‘ನನ್ನದು ಮೂರನೇ ವರ್ಷ, ನಾನು ಕಾಯಂ’ ಎಂದುಕೊಂಡವರು ಒಮ್ಮೆ ತಮ್ಮ ಸೇವಾ ಪುಸ್ತಕ ತೆರೆದು ನೋಡುವುದು ಒಳ್ಳೆಯದು.

ಮಾತು 3: ರಾಜೀನಾಮೆ ಕೊಟ್ಟರಾಯಿತೇ?

ಹೆಚ್ಚು ನಷ್ಟವಾಗುವುದು ಇಲ್ಲೇ. ಸಾಮಾನ್ಯ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಆದರೆ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ ಒಂದು ವಿನಾಯಿತಿ ಕೊಟ್ಟಿದೆ. ಸೂಕ್ತ ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗಲು ಕೊಟ್ಟ ರಾಜೀನಾಮೆಯನ್ನು ಸರ್ಕಾರಿ ಸೇವೆಗೇ ಕೊಟ್ಟ ರಾಜೀನಾಮೆ ಎಂದು ಅದು ನೋಡುವುದಿಲ್ಲ. ಕೇಂದ್ರ ನೌಕರರ ವಿಷಯದಲ್ಲಿ ಇದನ್ನೇ ತಾಂತ್ರಿಕ ರಾಜೀನಾಮೆ ಎನ್ನುತ್ತಾರೆ. ಎರಡರ ನಡುವಿನ ವ್ಯತ್ಯಾಸ ಕಡತದಲ್ಲಿರುವ ಒಂದು ಅನುಮತಿ ಪತ್ರ.

ಎನ್‌ಪಿಎಸ್‌ನಲ್ಲಿರುವವರ ಪ್ರಾನ್ ಸಂಖ್ಯೆ ಹುದ್ದೆ ಬದಲಾದರೂ ಅದೇ ಇರುತ್ತದೆ. ಹೊಸದನ್ನು ತೆರೆಯದೆ ಹಳೆಯ ಸಂಖ್ಯೆಯನ್ನೇ ಹೊಸ ಕಚೇರಿಗೆ ಕೊಡಬೇಕು.

ಹೊಸಬರು ಮರೆಯುವ ಸಂಗತಿ

ಕಾಯಂ ನೌಕರರಿಗೆ ಹಳೆಯ ಹುದ್ದೆಯ ಮೇಲೆ ಒಂದು ಹಕ್ಕು ಇರುತ್ತದೆ. ಇದಕ್ಕೆ ಲೀನ್ ಎನ್ನುತ್ತಾರೆ. ಹೊಸ ಜಾಗ ಹೊಂದದಿದ್ದರೆ ನಿಗದಿತ ಅವಧಿಯೊಳಗೆ ಅವರು ವಾಪಸು ಬರಬಹುದು. ಪ್ರೊಬೇಷನ್‌ನಲ್ಲಿರುವವರಿಗೆ ಸಾಮಾನ್ಯವಾಗಿ ಈ ಹಕ್ಕು ಇರುವುದಿಲ್ಲ. ಜೊತೆಗೆ ಹೊಸ ಹುದ್ದೆಯಲ್ಲಿ ಪ್ರೊಬೇಷನ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಂದರೆ ಸೇತುವೆ ದಾಟಿದ ಮೇಲೆ ಹಿಂದಿರುಗಲು ದಾರಿಯಿಲ್ಲ. ಊರಿಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಹೊರಡುವ ಮುನ್ನ ಇದನ್ನು ಲೆಕ್ಕ ಹಾಕಬೇಕು.

ಏನು ಮಾಡಬೇಕು?

• ನೇಮಕಾತಿ ಆದೇಶದ ಷರತ್ತುಗಳನ್ನು ಪೂರ್ತಿ ಓದಿ.
• ಅರ್ಜಿ ಹಾಕುವ ಮೊದಲು ಮೇಲಧಿಕಾರಿಯ ಮೂಲಕ ಲಿಖಿತ ಅನುಮತಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.
• ಆಯ್ಕೆಯಾದರೆ, ಯಾವ ಹುದ್ದೆಗಾಗಿ ಬಿಡುತ್ತಿದ್ದೀರಿ ಎಂಬುದನ್ನೂ ಅನುಮತಿಯ ಸಂಖ್ಯೆ, ದಿನಾಂಕವನ್ನೂ ರಾಜೀನಾಮೆ ಪತ್ರದಲ್ಲಿ ಬರೆಯಿರಿ.
• ಬಿಡುಗಡೆ ಆದೇಶ ಕೈಗೆ ಸಿಗುವ ಮೊದಲು ಕೆಲಸ ಬಿಟ್ಟು ಹೊರಡಬೇಡಿ.

ಸಹಕಾರಿ ಸಂಘ, ಬ್ಯಾಂಕ್, ಖಾಸಗಿ ಕಂಪನಿಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಅಲ್ಲಿ ಆಯಾ ಸಂಸ್ಥೆಯ ಸೇವಾ ನಿಯಮ ಮತ್ತು ನೇಮಕಾತಿ ಪತ್ರವೇ ಆಧಾರ. ಒಳಗಿನ ಹುದ್ದೆಗೆ ಅರ್ಜಿ ಹಾಕಲು ಕನಿಷ್ಠ ಇಷ್ಟು ತಿಂಗಳ ಸೇವೆ ಆಗಿರಬೇಕು ಎಂಬ ಷರತ್ತು ಹಲವು ಕಂಪನಿಗಳಲ್ಲಿದೆ.

ನಮ್ಮ ತೀರ್ಮಾನ: ಹೊಸಬರು ಎಂಬ ಕಾರಣಕ್ಕೆ ಅರ್ಜಿ ಹಾಕಲು ಹೆದರಬೇಕಿಲ್ಲ. ಆದರೆ ಅನುಮತಿ ಪತ್ರವಿಲ್ಲದೆ ಹೊರಟರೆ ಮಾಡಿದ ಸೇವೆ ಲೆಕ್ಕಕ್ಕೆ ಬಾರದೆ ಹೋಗಬಹುದು. ಮುಂದಿನ ಬಾರಿ ‘ಕೆಲಸ ಹೋಗುತ್ತದೆ’ ಎಂಬ ಸಂದೇಶ ಬಂದರೆ, ಅದನ್ನು ಹಂಚುವ ಮೊದಲು ಯಾವ ನಿಯಮದಲ್ಲಿ ಹಾಗಿದೆ ಎಂದು ಕಳುಹಿಸಿದವರನ್ನೇ ಕೇಳಿ ನೋಡಿ.